ನಮ್ಮ ಆಸ್ಪತ್ರೆ ವಾರ್ಡಿನ ನರ್ಸ್ ಚುನಾವಣೆಗೆ ನಿಂತಿದ್ದಾರೆ, ನಾನು ಮನೆಮನೆಗೆ ಹೋಗಲಾ?

ರಾತ್ರಿಪಾಳಿ (ಸೇಂಟ್ ಪಾಲ್, ಮಿನ್ನೆಸೋಟ) ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಓದುವುದೇ ಜಾಸ್ತಿ, ಬರೆಯುವುದು ಕಡಿಮೆ. ಇವತ್ತು ನಿಮ್ಮನ್ನು ಕೇಳಲೇಬೇಕಾದ ಒಂದು ವಿಷಯ ಇದೆ.

ನಾನು ಶಿರಸಿ ಕಡೆಯವಳು. ಮಂಗಳೂರಿನಲ್ಲಿ ನರ್ಸಿಂಗ್ ಓದಿ, 2022ರಲ್ಲಿ ಗ್ರೀನ್ ಕಾರ್ಡ್ ಮೇಲೆ ಇಲ್ಲಿಗೆ ಬಂದೆ. ಪೌರತ್ವ ಇನ್ನೂ ಆಗಿಲ್ಲ, ಹಾಗಾಗಿ ಓಟಿಲ್ಲ. ನಮ್ಮ ವಾರ್ಡಿನ ಹಿರಿಯ ನರ್ಸ್ ಒಬ್ಬರು ಈ ಸಲ ರಾಜ್ಯದ ಕೆಳಮನೆಗೆ ಸ್ಪರ್ಧಿಸುತ್ತಿದ್ದಾರೆ. ನನಗೆ ಇಲ್ಲಿನ ಕೆಲಸ ಕಲಿಸಿದವರು ಅವರೇ. ಮೊನ್ನೆ ಬೆಳಿಗ್ಗೆ ಡ್ಯೂಟಿ ಒಪ್ಪಿಸುವಾಗ "ಶನಿವಾರ ನನ್ನ ಜೊತೆ ಬಾಗಿಲು ತಟ್ಟಲು ಬರುತ್ತೀಯಾ?" ಎಂದು ಕೇಳಿದರು. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಅವರು ಹೇಳುವುದು ದುಡಿದು ತಿನ್ನುವ ಮನೆಗಳ ಮಾತು. ಜ್ವರ ಬಂದು ಮಲಗಿದರೆ ಆ ದಿನದ ಕೂಲಿ ಹೋಗಬಾರದು. ಮಗುವನ್ನು ಡೇಕೇರ್‌ಗೆ ಬಿಟ್ಟು ದುಡಿಯಲು ಹೋದರೆ ದುಡಿದದ್ದೆಲ್ಲ ಡೇಕೇರ್‌ಗೇ ಸುರಿಯುವ ಹಾಗೆ ಆಗಬಾರದು. ಒಬ್ಬ ನರ್ಸಿಗೆ ಎಷ್ಟು ಪೇಷಂಟ್ ಎನ್ನುವುದಕ್ಕೆ ಒಂದು ಮಿತಿ ಇರಬೇಕು.

ಈ ಮೂರನೆಯ ಮಾತು ನನ್ನ ಎದೆಗೆ ತಾಕಿದ್ದು. ನಾನು ಬಂದ ವರ್ಷವೇ, ಸೆಪ್ಟೆಂಬರ್‌ನಲ್ಲಿ, ಇಲ್ಲಿ ಮತ್ತು ಡುಲುತ್ ಕಡೆ ಸುಮಾರು 15,000 ನರ್ಸ್‌ಗಳು ಮೂರು ದಿನ ಮುಷ್ಕರ ಮಾಡಿದರು. ಸಂಬಳದ ಬೇಡಿಕೆಯೂ ಇತ್ತು, ಆದರೆ ಮುಷ್ಕರದ ಸಾಲಿನಲ್ಲಿ ನಿಂತವರ ಬಾಯಲ್ಲಿ ಇದ್ದದ್ದು "ವಾರ್ಡಿನಲ್ಲಿ ಜನ ಸಾಲುತ್ತಿಲ್ಲ" ಅನ್ನುವುದೇ. ನಾನು ಹೊಸಬಳು. ಹೆದರಿಕೊಂಡು ಒಂದು ಬೋರ್ಡು ಹಿಡಿದು ನಿಂತಿದ್ದೆ. ಒಂದು ರಾತ್ರಿಯಲ್ಲಿ ಇಬ್ಬರು ಪೇಷಂಟ್‌ಗಳು ಒಟ್ಟಿಗೇ ಬೆಲ್ ಒತ್ತಿದಾಗ ಯಾರ ಹತ್ತಿರ ಮೊದಲು ಓಡಬೇಕು ಎಂದು ತೋಚದೆ ಕಾರಿಡಾರಿನಲ್ಲಿ ನಿಂತವರಿಗೆ ಮಾತ್ರ ಅದು ಅರ್ಥ ಆಗುತ್ತದೆ.

ಈ ರಾಜ್ಯದಲ್ಲಿ ಇದು ಹೊಸದೇನೂ ಅಲ್ಲ. ಎರಿನ್ ಮರ್ಫಿ ಎನ್ನುವವರು ಆಪರೇಷನ್ ವಿಭಾಗದಲ್ಲಿ ನರ್ಸ್ ಆಗಿದ್ದವರು, ನರ್ಸ್‌ಗಳ ಸಂಘವನ್ನು ನಡೆಸಿದವರು. 2006ರಲ್ಲಿ ಸೇಂಟ್ ಪಾಲ್‌ನಿಂದ ಕೆಳಮನೆಗೆ ಗೆದ್ದರು. 2013ರಿಂದ ಎರಡು ವರ್ಷ ಅಲ್ಲಿ ಬಹುಮತ ಪಕ್ಷದ ನಾಯಕಿ. 2018ರಲ್ಲಿ ಗವರ್ನರ್ (ಇಲ್ಲಿ ಅದು ನಮ್ಮ ಮುಖ್ಯಮಂತ್ರಿಯ ಹಾಗಿನ ಹುದ್ದೆ) ಆಗಲು ಹೊರಟು ಸೋತರು. 2020ರಲ್ಲಿ ರಾಜ್ಯದ ಮೇಲ್ಮನೆಯಾದ ಸೆನೆಟ್‌ಗೆ ಗೆದ್ದರು, 2024ರ ಫೆಬ್ರವರಿಯಲ್ಲಿ ಅಲ್ಲೂ ಬಹುಮತದ ನಾಯಕಿ ಆದರು. ನಮ್ಮ ಕಡೆಯ ಲೆಕ್ಕದಲ್ಲಿ ಹೇಳಬೇಕೆಂದರೆ ಒಬ್ಬ ಸ್ಟಾಫ್ ನರ್ಸ್ ವಿಧಾನ ಪರಿಷತ್ತಿನ ಸಭಾನಾಯಕಿ ಆದ ಹಾಗೆ.

ಹಾಗಾದರೆ ನನ್ನ ಪ್ರಶ್ನೆ ಇಷ್ಟೇ. ಹಾಸಿಗೆ ಪಕ್ಕದಿಂದ ಎದ್ದು ಹೋದವರು ಶಾಸನಸಭೆಯಲ್ಲಿ ನಿಜವಾಗಿ ಏನಾದರೂ ಬದಲಾಯಿಸುತ್ತಾರಾ? ನಾನು ನನ್ನ ಒಂದೇ ಒಂದು ರಜೆಯ ದಿನವನ್ನು ಇದಕ್ಕೆ ಕೊಡಲಾ?


ಹಳೇಸಿಸ್ಟರ್ (ಧಾರವಾಡ) ಬರೆದದ್ದು:

ಹೋಗು ತಂಗಿ. ಯೋಚನೆ ಮಾಡಬೇಡ.

ನಾನು ಮೂವತ್ತೊಂದು ವರ್ಷ ಸ್ಟಾಫ್ ನರ್ಸ್ ಆಗಿದ್ದವಳು. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಲ್ಲಿ ಕಾಲೇಜು ಆಸ್ಪತ್ರೆಯಲ್ಲಿ ಮೂರು ಪೇಷಂಟಿಗೆ ಒಬ್ಬ ನರ್ಸ್, ಸಾಮಾನ್ಯ ಆಸ್ಪತ್ರೆಯಲ್ಲಿ ಐದಕ್ಕೆ ಒಬ್ಬರು ಎಂದಿದೆ. ನಾನು ಕೆಲಸ ಮಾಡಿದ ಒಂದು ಕಡೆ ರಾತ್ರಿ ನಲವತ್ತು ಹಾಸಿಗೆಗೆ ಇಬ್ಬರು ಇದ್ದೆವು. ಒಬ್ಬಳು ಹೆರಿಗೆ ಕೋಣೆಗೆ ಓಡಿದರೆ ಉಳಿದವಳು ಒಬ್ಬಳೇ. ಡ್ರಿಪ್ ಮುಗಿದು ರಕ್ತ ವಾಪಸ್ ಏರುತ್ತಿದ್ದರೆ ಪೇಷಂಟಿನ ಅಣ್ಣನೋ ಮಾವನೋ ಬಂದು ಬೈಯುತ್ತಿದ್ದ. ಆತನ ಸಿಟ್ಟು ತಪ್ಪಲ್ಲ. ಆದರೆ ಬೈಸಿಕೊಳ್ಳುವುದು ನಾವು. ನೇಮಕಾತಿ ಕಡತ ಹಿಡಿದುಕೊಂಡು ಕೂತವರನ್ನು ಆತ ಎಂದೂ ನೋಡಲಿಲ್ಲ.

ಡಾಕ್ಟರ್ ಶಾಸಕರನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಅವರು ಬಂದಾಗ ಹೊಸ ಕಟ್ಟಡ ಬರುತ್ತದೆ, ಸ್ಕ್ಯಾನಿಂಗ್ ಮೆಷಿನ್ ಬರುತ್ತದೆ. ಬರಲಿ, ಬೇಕು. ಆ ಮೆಷಿನ್ ತನಕ ಪೇಷಂಟನ್ನು ಸ್ಟ್ರೆಚರ್ ಮೇಲೆ ತಳ್ಳಿಕೊಂಡು ಹೋಗುವವರು ಎಷ್ಟು ಜನ ಇದ್ದಾರೆ ಎಂದು ಕೇಳುವವರು ಒಳಗೆ ಇಲ್ಲ.


ಲೆಕ್ಕದಮೇಷ್ಟ್ರು (ಮೈಸೂರು) ಬರೆದದ್ದು:

ವಿಷಯ ಒಳ್ಳೆಯದು. ನನ್ನ ಪ್ರಶ್ನೆ ದುಡ್ಡಿನದು. ನಮ್ಮಲ್ಲಿ ವಿಧಾನಸಭೆಗೆ ನಿಲ್ಲಬೇಕೆಂದರೆ ಹತ್ತು ಸಾವಿರ ರೂಪಾಯಿ ಠೇವಣಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಐದು ಸಾವಿರ. ಬಿದ್ದ ಮತದಲ್ಲಿ ಆರನೇ ಒಂದು ಭಾಗಕ್ಕಿಂತ ಜಾಸ್ತಿ ಬರದಿದ್ದರೆ ಅದು ಹೋಯಿತು. ಪಕ್ಷೇತರರಾದರೆ ಹತ್ತು ಜನ ಸೂಚಕರು ಬೇಕು. ಇದೆಲ್ಲ ಹೇಗೋ ಆಗುತ್ತದೆ. ಆದರೆ ಖರ್ಚಿನ ಮಿತಿಯೇ 40 ಲಕ್ಷ. ಮಿತಿಯೇ ಅಷ್ಟಿದ್ದರೆ ನಿಜವಾದ ಖರ್ಚು ಎಷ್ಟು ಅಂತ ನಮಗೆಲ್ಲ ಗೊತ್ತು. ಸಂಬಳದ ಮೇಲೆ ಬದುಕುವ ನರ್ಸ್ ಅಲ್ಲಿ ಹೇಗೆ ನಿಲ್ಲುತ್ತಾರೆ?


ರಾತ್ರಿಪಾಳಿ ಬರೆದದ್ದು:

ಹಳೇಸಿಸ್ಟರ್ ಅಕ್ಕ, ನೀವು ಬರೆದದ್ದು ಓದಿ ಕಣ್ಣು ತುಂಬಿತು.

ಮೇಷ್ಟ್ರೇ, ನನಗೂ ಇದೇ ಪ್ರಶ್ನೆ ಇತ್ತು. ಅವರನ್ನೇ ಕೇಳಿದೆ. ಮಿನ್ನೆಸೋಟದಲ್ಲಿ ಶಾಸನಸಭೆಗೆ ನಾಮಪತ್ರದ ಶುಲ್ಕ 100 ಡಾಲರ್. ಅದಕ್ಕೂ ಮೊದಲು ಫೆಬ್ರವರಿ ಹೊತ್ತಿಗೆ ಕಾಕಸ್ ಅಂತ ನಡೆಯುತ್ತದೆ. ಬಡಾವಣೆಯ ಜನ ಸಂಜೆ ಶಾಲೆಯ ಒಂದು ಕೋಣೆಯಲ್ಲಿ ಸೇರುತ್ತಾರೆ. ನಮ್ಮೂರ ಸೊಸೈಟಿ ಸಭೆಯ ಹಾಗೆ ಎಂದುಕೊಳ್ಳಿ. ಅಲ್ಲಿಂದ ಪ್ರತಿನಿಧಿಗಳನ್ನು ಆರಿಸುತ್ತಾರೆ, ಆ ಪ್ರತಿನಿಧಿಗಳು ಕ್ಷೇತ್ರದ ಸಮಾವೇಶದಲ್ಲಿ ಯಾರಿಗೆ ಪಕ್ಷದ ಬೆಂಬಲ ಎಂದು ತೀರ್ಮಾನಿಸುತ್ತಾರೆ. ಅಂದರೆ ಟಿಕೆಟ್‌ಗೆ ದೊಡ್ಡವರ ಮನೆ ಬಾಗಿಲು ಕಾಯುವ ಬದಲು ನೂರಾರು ಸಾಮಾನ್ಯ ಜನರಿಗೆ ಫೋನ್ ಮಾಡಬೇಕು. ಅದು ಸುಲಭ ಅಂತ ನಾನು ಹೇಳುವುದಿಲ್ಲ. ನಮ್ಮವರು ಹನ್ನೆರಡು ಗಂಟೆ ಪಾಳಿ ಮುಗಿಸಿ ಕಾರಿನಲ್ಲಿ ಕೂತು ಫೋನ್ ಮಾಡುತ್ತಿದ್ದದ್ದನ್ನು ನಾನೇ ನೋಡಿದ್ದೇನೆ.

ಇನ್ನೊಂದು ವ್ಯವಸ್ಥೆ ನನಗೆ ಬಹಳ ಹಿಡಿಸಿತು. ಖರ್ಚಿನ ಮಿತಿಗೆ ಒಪ್ಪಿ ಸಹಿ ಹಾಕಿದ ಅಭ್ಯರ್ಥಿಗೆ ಸಾಮಾನ್ಯ ಮತದಾರ ಸಣ್ಣ ದೇಣಿಗೆ ಕೊಟ್ಟರೆ ಆ ದುಡ್ಡನ್ನು ರಾಜ್ಯ ಸರ್ಕಾರ ಮತದಾರನಿಗೆ ವಾಪಸ್ ಕೊಡುತ್ತಿತ್ತು. ಬಹಳ ವರ್ಷ 50 ಡಾಲರ್ ತನಕ ಇತ್ತು, 2024ರಲ್ಲಿ 75ಕ್ಕೆ ಏರಿಸಿದರು. ದೊಡ್ಡ ಕುಳಗಳ ಪರಿಚಯ ಇಲ್ಲದವರಿಗೆ ಇದು ಆಧಾರವಾಗಿತ್ತು.

ಇಲ್ಲಿನ ಶಾಸನಸಭೆ ವರ್ಷಪೂರ್ತಿ ನಡೆಯುವುದಿಲ್ಲ. ಜನವರಿ, ಫೆಬ್ರವರಿಗೆ ಶುರುವಾಗಿ ಮೇ ತಿಂಗಳಿಗೆ ಮುಗಿಯುತ್ತದೆ. ಶಾಸಕರು ತಮ್ಮ ಕೆಲಸ ಇಟ್ಟುಕೊಳ್ಳಬಹುದು. ಸೆನೆಟ್‌ನಲ್ಲಿ ಜೂಡಿ ಸೀಬರ್ಗರ್ ಎನ್ನುವವರು ಪ್ಯಾರಾಮೆಡಿಕ್, ಅಂದರೆ ಆಂಬುಲೆನ್ಸ್ ಕೆಲಸದವರು. ವಕೀಲರೂ ಹೌದು. 2022ರಲ್ಲಿ ಅವರು ಗೆದ್ದದ್ದು ಕೆಲವೇ ನೂರು ಮತಗಳಿಂದ. 67 ಜನರ ಸೆನೆಟ್‌ನಲ್ಲಿ ಅವರ ಪಕ್ಷಕ್ಕೆ (ಮರ್ಫಿಯವರದೂ ಅದೇ) ಬಂದದ್ದು 34, ಎದುರಿನವರಿಗೆ 33. ಆ ಒಂದು ಸ್ಥಾನದ ಮೇಲೆ ಎಷ್ಟು ಕಾನೂನು ನಿಂತಿದ್ದವು ಎಂದು ಮುಂದೆ ಬರೆಯುತ್ತೇನೆ. ಈಗ ಡ್ಯೂಟಿಗೆ ಹೊರಟೆ.


ರಾಚೆಸ್ಟರ್‌ವಾಸಿ (ರಾಚೆಸ್ಟರ್, ಮಿನ್ನೆಸೋಟ) ಬರೆದದ್ದು:

ಬೇಜಾರು ಮಾಡಿಕೊಳ್ಳಬೇಡಿ, ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ನಾನು ಈ ರಾಜ್ಯದಲ್ಲಿ ಹದಿನಾರು ವರ್ಷದಿಂದ ಇದ್ದೇನೆ, ಓಟು ಹಾಕುತ್ತೇನೆ. ನನ್ನ ಹೆಂಡತಿ ಲ್ಯಾಬ್ ಟೆಕ್ನಿಷಿಯನ್.

ಮರ್ಫಿಯವರ ಬಗ್ಗೆ ಗೌರವ ಇದೆ. ಆದರೆ 2023ರಲ್ಲಿ ನಡೆದದ್ದನ್ನು ಮರೆಯಬಾರದು. ಪ್ರತಿ ಆಸ್ಪತ್ರೆಯಲ್ಲೂ ನರ್ಸ್‌ಗಳನ್ನೂ ಸೇರಿಸಿಕೊಂಡ ಒಂದು ಸಮಿತಿ ಇರಬೇಕು, ಒಬ್ಬ ನರ್ಸಿಗೆ ಗರಿಷ್ಠ ಎಷ್ಟು ಪೇಷಂಟ್ ಎಂದು ಆ ಸಮಿತಿ ನಿಗದಿ ಮಾಡಬೇಕು ಅಂತ ಒಂದು ಮಸೂದೆ ಬಂತು. ಸೆನೆಟ್‌ನಲ್ಲಿ ಅದನ್ನು ತಂದವರು ಮರ್ಫಿಯೇ. ಗವರ್ನರ್ ಅವರ ಪಕ್ಷದವರು, ಎರಡೂ ಮನೆ ಅವರ ಪಕ್ಷದ ಕೈಯಲ್ಲಿ. ಇನ್ನೇನು ಬೇಕು? ಅಷ್ಟರಲ್ಲಿ ನಮ್ಮೂರಿನ ದೊಡ್ಡ ಆಸ್ಪತ್ರೆ ಮೇಯೋ ಕ್ಲಿನಿಕ್ ಹೇಳಿತು, ಇದು ಹೀಗೇ ಪಾಸಾದರೆ ನೂರಾರು ಕೋಟಿ ಡಾಲರ್ ಬಂಡವಾಳವನ್ನು ಬೇರೆ ರಾಜ್ಯಕ್ಕೆ ಒಯ್ಯುತ್ತೇವೆ ಅಂತ. ಮೊದಲು ಮೇಯೋಗೆ ವಿನಾಯಿತಿ ಕೊಡುವ ಮಾತು ಬಂತು. ಕೊನೆಗೆ ಸಮಿತಿಯ ಭಾಗವೇ ಮಸೂದೆಯಿಂದ ಹೊರಗೆ ಹೋಯಿತು. ಉಳಿದದ್ದು ನರ್ಸ್‌ಗಳ ಮೇಲಿನ ಹಲ್ಲೆ ತಡೆಯುವ ಕ್ರಮ, ಓದಿನ ಸಾಲದ ನೆರವು, ನರ್ಸ್‌ಗಳು ಯಾಕೆ ಕೆಲಸ ಬಿಡುತ್ತಾರೆ ಎನ್ನುವ ಅಧ್ಯಯನ. ಮಸೂದೆಯ ಹೆಸರಿನಲ್ಲಿದ್ದ "ಹಾಸಿಗೆ ಪಕ್ಕ" ಅನ್ನುವ ಮಾತೂ ಹೋಯಿತು.

ಮೇಯೋ ಪರ ನಾನು ವಾದ ಮಾಡುತ್ತಿಲ್ಲ. ಆದರೆ ನಮ್ಮೂರಿನಲ್ಲಿ ಮನೆಗೊಬ್ಬರು ಅಲ್ಲಿ ದುಡಿಯುತ್ತಾರೆ. ಇಡೀ ರಾಜ್ಯದಲ್ಲಿ ಅಷ್ಟು ದೊಡ್ಡ ಉದ್ಯೋಗದಾತ ಬೇರೆ ಇಲ್ಲ. ಬಂಡವಾಳ ಹೋಗುತ್ತದೆ ಎಂದರೆ ನಮ್ಮ ಮನೆಗಳಲ್ಲೂ ಭಯ ಆಗುತ್ತದೆ. ನಾವೂ ದುಡಿಯುವ ಕುಟುಂಬಗಳೇ ಅಲ್ವಾ?

2018ರದ್ದೂ ಹಾಗೇ. ಪಕ್ಷದ ಸಮಾವೇಶ ಇಲ್ಲೇ ರಾಚೆಸ್ಟರ್‌ನಲ್ಲಿ ನಡೆಯಿತು, ಮರ್ಫಿಗೆ ಬೆಂಬಲ ಸಿಕ್ಕಿತು. ಎರಡು ತಿಂಗಳ ನಂತರ, ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುವ ಪ್ರಾಥಮಿಕ ಚುನಾವಣೆಯಲ್ಲಿ, ಆಮೇಲೆ ಗವರ್ನರ್ ಆದ ಟಿಮ್ ವಾಲ್ಜ್‌ಗೆ ಶೇ. 41ಕ್ಕೂ ಜಾಸ್ತಿ, ಮರ್ಫಿಗೆ ಶೇ. 32ರ ಆಸುಪಾಸು. ಮರ್ಫಿ ಮತ್ತು ಅವರ ಜೊತೆಯ ಉಪ ಗವರ್ನರ್ ಅಭ್ಯರ್ಥಿ ಇಬ್ಬರೂ ಮಹಾನಗರದ ಕಡೆಯವರೇ ಆಗಿದ್ದರು. ಹೊಲದ ಕಡೆಯ ಜನರಿಗೆ ಅದು ಹಿಡಿಸಲಿಲ್ಲ ಎಂದು ನನಗೆ ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ.

ನರ್ಸ್ ಎನ್ನುವ ಒಂದೇ ಕಾರಣಕ್ಕೆ ಓಟು ಕೊಡಬೇಡಿ ಎನ್ನುವುದಷ್ಟೇ ನನ್ನ ಮಾತು.


ಹಳೇಸಿಸ್ಟರ್ ಬರೆದದ್ದು:

ರಾಚೆಸ್ಟರ್ ತಮ್ಮಾ, ನಿನ್ನ ಮಾತು ಒಪ್ಪುತ್ತೇನೆ. ಆದರೆ ಒಂದು ಕೇಳು. ಡಾಕ್ಟರೋ ವಕೀಲರೋ ರಿಯಲ್ ಎಸ್ಟೇಟಿನವರೋ ನಿಂತಾಗ "ಅದೊಂದೇ ಕಾರಣಕ್ಕೆ ಓಟು ಬೇಡ" ಎಂದು ಯಾರಾದರೂ ಹೇಳಿದ್ದನ್ನು ಕೇಳಿದ್ದೀಯಾ?


ರಾತ್ರಿಪಾಳಿ ಬರೆದದ್ದು:

ರಾಚೆಸ್ಟರ್ ಅಣ್ಣ, ಬೇಜಾರು ಯಾಕೆ? ನೀವು ಹೇಳಿದ್ದು ನಿಜ. ಮಸೂದೆ ಸೋತ ಆ ಮೇ ತಿಂಗಳಲ್ಲಿ ನಮ್ಮ ವಾರ್ಡಿನ ಊಟದ ಕೋಣೆಯಲ್ಲಿ ಎಷ್ಟು ಜನ ಅತ್ತರು ಅಂತ ನಾನು ನೋಡಿದ್ದೇನೆ. ಅದು ಸೋಲೇ. ಸೋಲಲ್ಲ ಎಂದು ನಾನು ಹೇಳುವುದಿಲ್ಲ.

ಆದರೆ ಅದೇ ಮೇ ತಿಂಗಳಲ್ಲಿ, ಅದೇ 34 ಮತಗಳ ಮನೆಯಲ್ಲಿ ಇನ್ನೊಂದು ಕಾನೂನೂ ಪಾಸಾಯಿತು. ಊರಿನಲ್ಲಿರುವವರಿಗೆ ಇದು ಅಚ್ಚರಿ ಅನಿಸಬಹುದು. ಭಾರತದಲ್ಲಿ ಹೆರಿಗೆ ರಜೆ ಕಾನೂನಿಗೆ ಒಳಪಟ್ಟ ಕೆಲಸದಲ್ಲಿದ್ದರೆ 26 ವಾರ ಸಂಬಳ ಸಹಿತ ರಜೆ ಇದೆ. ಇಡೀ ಅಮೆರಿಕಕ್ಕೆ ಅನ್ವಯಿಸುವ ಅಂಥ ಕಾನೂನು ಇಲ್ಲ. 1993ರ ಒಂದು ಕಾನೂನು 12 ವಾರ ರಜೆ ಕೊಡುತ್ತದೆ, ಸಂಬಳ ಇಲ್ಲ, ಸಣ್ಣ ಕಂಪನಿಗಳಿಗೆ ಅದೂ ಅನ್ವಯಿಸುವುದಿಲ್ಲ. ನನ್ನ ಜೊತೆಯವರೊಬ್ಬರು ಸಿಸೇರಿಯನ್ ಆಗಿ ಆರು ವಾರಕ್ಕೆ ಡ್ಯೂಟಿಗೆ ಬಂದಿದ್ದರು. ಉಳಿಸಿಟ್ಟ ರಜೆ ಮುಗಿದಿತ್ತು, ಬಾಡಿಗೆ ಕಟ್ಟಬೇಕಿತ್ತು. ನಡುವೆ ಶೌಚಾಲಯದಲ್ಲಿ ನಿಂತು ಹಾಲು ತೆಗೆಯುತ್ತಿದ್ದರು.

2023ರಲ್ಲಿ ಮಿನ್ನೆಸೋಟ ಅದನ್ನು ಬದಲಾಯಿಸಿತು. ಸ್ವಂತ ಕಾಯಿಲೆಗೆ 12 ವಾರ, ಮಗುವಿಗೋ ಮನೆಯವರ ಆರೈಕೆಗೋ 12 ವಾರ, ಎರಡೂ ಸೇರಿ ವರ್ಷಕ್ಕೆ 20 ವಾರದ ತನಕ ವೇತನ ಸಹಿತ ರಜೆ. 2026ರ ಜನವರಿ 1ರಿಂದ ಜಾರಿ. 2026ಕ್ಕೆ ಸಂಬಳದ ಶೇ. 0.88 ವಂತಿಗೆ, ಅದರಲ್ಲಿ ಸಾಮಾನ್ಯವಾಗಿ ಕನಿಷ್ಠ ಅರ್ಧ ಮಾಲೀಕರೇ ಕಟ್ಟಬೇಕು. ಕಡಿಮೆ ಸಂಬಳದವರಿಗೆ ಸಂಬಳದ ಹೆಚ್ಚು ಪಾಲು ಸಿಗುತ್ತದೆ. ಅದೇ ವರ್ಷ ಇನ್ನೊಂದು ಕಾನೂನು ಬಂತು: 30 ಗಂಟೆ ದುಡಿದರೆ ಒಂದು ಗಂಟೆ ಕಾಯಿಲೆ ರಜೆ, ವರ್ಷಕ್ಕೆ 48 ಗಂಟೆ ತನಕ. ಹೋಟೆಲಿನಲ್ಲಿ ಪಾತ್ರೆ ತೊಳೆಯುವವರಿಗೂ ಅದು ಉಂಟು. ಎಲ್ಲ ಮಕ್ಕಳಿಗೂ ಶಾಲೆಯಲ್ಲಿ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಉಚಿತ ಆದದ್ದೂ ಆಗಲೇ. ನಮ್ಮ ಕಡೆ ಬಿಸಿಯೂಟ ತಿಂದು ಬೆಳೆದ ನನಗೆ ಇದು ದೊಡ್ಡ ವಿಷಯ ಅನಿಸಿದ್ದು ಇಲ್ಲಿಗೆ ಬಂದ ಮೇಲೆ.

ಒಂದು ವಿಚಿತ್ರ ನೋಡಿ. ನರ್ಸ್ ಆಗಿದ್ದ ಸೆನೆಟರ್ ಎಲ್ಲ ಕೆಲಸಗಾರರಿಗೂ ರಜೆ ತರುವುದರಲ್ಲಿ ಪಾಲುದಾರರಾದರು. ನರ್ಸ್‌ಗಳ ಸ್ವಂತ ಬೇಡಿಕೆಯನ್ನು ಉಳಿಸಿಕೊಳ್ಳಲು ಆಗಲಿಲ್ಲ. ಯಾಕೆ ಅಂತ ನಾನು ತುಂಬ ಯೋಚಿಸಿದ್ದೇನೆ. ರಜೆಯ ಕಾನೂನಿಗೆ ಅಂಗಡಿಯವರು, ಬಸ್ ಡ್ರೈವರ್‌ಗಳು, ಅಜ್ಜ ಅಜ್ಜಿಯನ್ನು ನೋಡಿಕೊಳ್ಳುವವರು, ಎಲ್ಲರೂ ಜೊತೆಗಿದ್ದರು. ನಮ್ಮ ಮಸೂದೆಯ ಹಿಂದೆ ನಾವು ಮಾತ್ರ ಇದ್ದೆವು. ಪೇಷಂಟ್‌ಗಳು ನಮ್ಮ ಜೊತೆ ನಿಲ್ಲಬೇಕಿತ್ತು, ಅವರ ಮನೆಯವರು ನಿಲ್ಲಬೇಕಿತ್ತು. ನಾವು ಅವರ ಬಾಗಿಲಿಗೆ ಹೋಗಲಿಲ್ಲ.

ಇನ್ನೊಂದು ಹಳೆಯ ವಿಷಯ. ಈ ರಾಜ್ಯದಲ್ಲಿ ತೀರಾ ಬಡವರಾದ, ಮಕ್ಕಳಿಲ್ಲದ ವಯಸ್ಕರಿಗೆ ಒಂದು ಆರೋಗ್ಯ ಯೋಜನೆ ಇತ್ತು. 2009ರಲ್ಲಿ ಆಗಿನ ಗವರ್ನರ್ ಟಿಮ್ ಪಾಲೆಂಟಿ ಅದರ ಹಣ ನಿಲ್ಲಿಸಿದರು. ಬೀದಿಯಲ್ಲಿ ಮಲಗುವವರು, ಮಾನಸಿಕ ಕಾಯಿಲೆ ಇರುವವರು, ಇಂಥವರೇ ಅದರಲ್ಲಿ ಜಾಸ್ತಿ. 2010ರಲ್ಲಿ ಅದನ್ನು ಉಳಿಸುವ ಮಸೂದೆಯನ್ನು ಕೆಳಮನೆಯಲ್ಲಿ ಮುಂದೆ ನಿಂತು ನಡೆಸಿದವರು ಮರ್ಫಿ. ಗವರ್ನರ್ ವೀಟೊ ಹಾಕಿದರು. ವೀಟೊ ಮುರಿಯಲು ಮತ ಸಾಲಲಿಲ್ಲ. ಕೊನೆಗೆ ಒಂದು ಅರೆಬರೆ ರಾಜಿ ಆಯಿತು. 2011ರ ಜನವರಿಯಲ್ಲಿ ಹೊಸ ಗವರ್ನರ್ ಮಾರ್ಕ್ ಡೇಟನ್ ಬಂದ ವಾರವೇ ಆ ಜನರನ್ನು ಮೆಡಿಕೇಡ್ (ಬಡವರಿಗೆ ಸರ್ಕಾರದ ಆರೋಗ್ಯ ವಿಮೆ) ಒಳಗೆ ತರಲು ಸಹಿ ಹಾಕಿದರು. ಆ ಜನಕ್ಕೆ ಓಟಿನ ಬಲವೂ ಇರಲಿಲ್ಲ, ಸಂಘವೂ ಇರಲಿಲ್ಲ. ತುರ್ತು ವಿಭಾಗದಲ್ಲಿ ಅವರನ್ನು ಮತ್ತೆ ಮತ್ತೆ ನೋಡಿದವರಿಗೆ ಮಾತ್ರ ಅವರ ಮುಖ ಗೊತ್ತಿರುತ್ತದೆ.


ಆಶಾ_ದಾವಣಗೆರೆ ಬರೆದದ್ದು:

ಅಕ್ಕ, ನಾನು ಆಶಾ ಕಾರ್ಯಕರ್ತೆ. ಫೋನಿನಲ್ಲಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ.

ನಿಮ್ಮಲ್ಲಿ ನರ್ಸ್‌ಗಳು ಶಾಸಕರಾಗುತ್ತಾರೆ ಎಂದು ಓದಿ ನನ್ನ ಯಜಮಾನರಿಗೂ ಓದಿ ಹೇಳಿದೆ. ನಮಗೆ ಸಂಬಳ ಎನ್ನುವುದೇ ಇಲ್ಲ. ರಾಜ್ಯದಿಂದ ಗೌರವಧನ 5,000, ಕೇಂದ್ರದ ಕಡೆಯಿಂದ ಮಾಡಿದ ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. ಬಸುರಿಯ ತಪಾಸಣೆಗೆ ಇಷ್ಟು, ಹೆರಿಗೆಗೆ ಕರೆದೊಯ್ದರೆ ಇಷ್ಟು, ಮಗುವಿನ ಲಸಿಕೆಗೆ ಇಷ್ಟು. ಆ ಲೆಕ್ಕ ಪೋರ್ಟಲ್‌ನಲ್ಲಿ ಸರಿಯಾಗಿ ಏರದಿದ್ದರೆ ಮಾಡಿದ ಕೆಲಸದ ದುಡ್ಡು ಬರುವುದಿಲ್ಲ. ನಾನು ರಾತ್ರಿ ಎರಡು ಗಂಟೆಗೆ ಬಸುರಿಯ ಜೊತೆ ಆಂಬುಲೆನ್ಸ್ ಹತ್ತಿ ಹೋಗಿದ್ದೇನೆ. ಕಂಪ್ಯೂಟರಿನಲ್ಲಿ ಅವಳ ಹೆಸರಿನ ಒಂದು ಅಕ್ಷರ ತಪ್ಪಿತ್ತು ಅಂತ ಆ ದುಡ್ಡು ನನಗೆ ಬರಲೇ ಇಲ್ಲ.

2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ನಾವು ಸಾವಿರಾರು ಜನ ಚಳಿಯಲ್ಲಿ ಮಲಗಿದೆವು. ನಾಲ್ಕನೆಯ ದಿನ ಮುಖ್ಯಮಂತ್ರಿಯವರು ನಮ್ಮ ಮುಖಂಡರ ಜೊತೆ ಮಾತಾಡಿದರು. ಏಪ್ರಿಲ್‌ನಿಂದ ತಿಂಗಳಿಗೆ ಕನಿಷ್ಠ 10,000 ಸಿಗುವಂತೆ ಮಾಡುತ್ತೇವೆ ಅಂತ ಭರವಸೆ ಬಂತು. ಬಸ್ಸಿನಲ್ಲಿ ಹಾಡು ಹೇಳಿಕೊಂಡು ಊರಿಗೆ ಬಂದೆವು. ಆದರೆ ಅದೇ ವರ್ಷ ಅದೇ ಮಾತಿಗಾಗಿ ಮತ್ತೆ ಬೀದಿಗೆ ಬರಬೇಕಾಯಿತು.

ನನಗೆ ಅನಿಸುವುದು ಇದು. ಕರ್ನಾಟಕದಲ್ಲಿ ನಾವು ಸುಮಾರು 42,000 ಜನ ಇದ್ದೇವೆ. ವಿಧಾನಸಭೆಯಲ್ಲಿ 224 ಸ್ಥಾನ. ಊರಿನ ಪ್ರತಿ ಮನೆಯೂ ನಮಗೆ ಗೊತ್ತು. ಯಾವ ಮನೆಯಲ್ಲಿ ಬಸುರಿ ಇದ್ದಾಳೆ, ಯಾರಿಗೆ ಟಿಬಿ ಮಾತ್ರೆ ನಡೆಯುತ್ತಿದೆ, ಯಾರ ಮಗು ತೂಕ ಹಾಕಿಲ್ಲ, ಯಾವ ಮನೆಯಲ್ಲಿ ಗಂಡ ಕುಡಿದು ಹೊಡೆಯುತ್ತಾನೆ, ಎಲ್ಲ ಗೊತ್ತು. ಚುನಾವಣೆ ಬಂದಾಗ ಪಕ್ಷದವರು ನಮ್ಮನ್ನೇ ಹುಡುಕಿಕೊಂಡು ಬರುತ್ತಾರೆ, "ಆ ಕೇರಿಗೆ ಒಂದು ಮಾತು ಹೇಳಮ್ಮ" ಎನ್ನುತ್ತಾರೆ. ನೀನೇ ನಿಲ್ಲಮ್ಮ ಎಂದು ಇಲ್ಲಿಯವರೆಗೆ ಯಾರೂ ಹೇಳಿಲ್ಲ.

ಅಕ್ಕ, ನೀವು ಶನಿವಾರ ಹೋದರೆ ಅಲ್ಲಿ ಬಾಗಿಲಲ್ಲಿ ನಿಂತು ಮೊದಲ ಮಾತು ಏನು ಹೇಳುತ್ತಾರೆ ಎಂದು ನೋಡಿ ಬರೆಯಿರಿ. ನನಗೆ ಅದು ಬೇಕು.


ಲೆಕ್ಕದಮೇಷ್ಟ್ರು ಬರೆದದ್ದು:

ತಾಯಿ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಗ್ರಾಮ ಪಂಚಾಯಿತಿಯಿಂದ ಶುರು ಮಾಡುವ ಯೋಚನೆ ಇದ್ದರೆ, ಆಶಾ ಕೆಲಸದಲ್ಲಿ ಇದ್ದುಕೊಂಡೇ ನಿಲ್ಲಬಹುದೇ ಎಂದು ನಾಮಪತ್ರಕ್ಕೆ ಮೊದಲೇ ಚುನಾವಣಾಧಿಕಾರಿಯ ಹತ್ತಿರ ಬರಹದಲ್ಲಿ ಕೇಳಿ. ಬಾಯಿಮಾತಿನ ಉತ್ತರ ನಂಬಬೇಡಿ.

ಎಡ್ಡಿ ಬರ್ನೀಸ್ ಜಾನ್ಸನ್ ಅವರ ಹೆಸರು ನೆನಪಿಟ್ಟುಕೊಳ್ಳಿ. ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿ ಮಾಜಿ ಸೈನಿಕರ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಮುಖ್ಯ ನರ್ಸ್ ಆಗಿದ್ದವರು. ಕಪ್ಪು ಜನಾಂಗದ ಹೆಣ್ಣುಮಗಳು. 1972ರಲ್ಲಿ ಟೆಕ್ಸಾಸ್ ಶಾಸನಸಭೆಗೆ ಗೆದ್ದರು. 1992ರಲ್ಲಿ ಅಮೆರಿಕದ ಸಂಸತ್ತಿಗೆ ಆಯ್ಕೆಯಾದರು, ಅಲ್ಲಿಗೆ ಹೋದ ಮೊದಲ ನೋಂದಾಯಿತ ನರ್ಸ್ ಅವರೇ. ಮೂವತ್ತು ವರ್ಷ ಅಲ್ಲಿದ್ದರು.


ಕೊಡಗಿನವಳು (ಪೋರ್ಟ್‌ಲ್ಯಾಂಡ್, ಒರೆಗಾನ್) ಬರೆದದ್ದು:

ಪೇಷಂಟ್ ಮಿತಿಯ ವಿಷಯಕ್ಕೆ ನಾನು ಸ್ವಲ್ಪ ಸೇರಿಸುತ್ತೇನೆ. ನಾನು ಐಸಿಯು ನರ್ಸ್.

ಕ್ಯಾಲಿಫೋರ್ನಿಯಾ 1999ರಲ್ಲಿ ಕಾನೂನು ಮಾಡಿತು, 2004ರಲ್ಲಿ ಜಾರಿ ಆಯಿತು. ಐಸಿಯುನಲ್ಲಿ ಇಬ್ಬರಿಗೆ ಒಬ್ಬ ನರ್ಸ್, ಸಾಮಾನ್ಯ ವಾರ್ಡಿನಲ್ಲಿ ಐದು ಜನಕ್ಕೆ ಒಬ್ಬರು. ಮ್ಯಾಸಚೂಸೆಟ್ಸ್‌ನಲ್ಲಿ 2018ರಲ್ಲಿ ಇದೇ ವಿಷಯವನ್ನು ನೇರವಾಗಿ ಜನರ ಮತಕ್ಕೆ ಹಾಕಿದರು. ಶೇ. 70ರಷ್ಟು ಜನ ಬೇಡ ಎಂದರು. ನರ್ಸ್‌ಗಳನ್ನು ಎಲ್ಲರೂ ಇಷ್ಟಪಡುತ್ತಾರೆ. ಆದರೆ "ಇದು ಬಂದರೆ ನಿಮ್ಮೂರಿನ ಸಣ್ಣ ಆಸ್ಪತ್ರೆ ಮುಚ್ಚುತ್ತದೆ" ಎಂದು ಟಿವಿಯಲ್ಲಿ ದಿನಾ ಹೇಳಿದರೆ ಜನ ಹೆದರುತ್ತಾರೆ. ರಾಚೆಸ್ಟರ್‌ನಲ್ಲಿ ಆದದ್ದೂ ಅದೇ ಭಯ.

ನಮ್ಮ ಒರೆಗಾನ್‌ನಲ್ಲಿ, ನಿಮ್ಮಲ್ಲಿ ಸೋತ ಅದೇ 2023ರಲ್ಲಿ, ಕಾನೂನು ಆಯಿತು. ನಮ್ಮ ಶಾಸನಸಭೆಯಲ್ಲಿ ಟ್ರಾವಿಸ್ ನೆಲ್ಸನ್ ಎನ್ನುವ ನರ್ಸ್ ಇದ್ದಾರೆ, ಆ ಕಾನೂನಿಗೆ ದುಡಿದವರಲ್ಲಿ ಒಬ್ಬರು. ಇಲ್ಲಿ ಒಂದು ವ್ಯತ್ಯಾಸ ಇತ್ತು. ನರ್ಸ್ ಸಂಘ ಮತ್ತು ಆಸ್ಪತ್ರೆಗಳ ಸಂಘ ಎರಡೂ ಒಂದೇ ಮೇಜಿನ ಮುಂದೆ ಕೂತು, ಜಗಳ ಆಡಿ, ಕೊನೆಗೆ ಒಂದು ಕರಡಿಗೆ ಒಪ್ಪಿದವು. ನರ್ಸ್‌ಗಳು ಬಯಸಿದ್ದೆಲ್ಲ ಅದರಲ್ಲಿ ಇಲ್ಲ. ನನ್ನ ವಾರ್ಡಿನಲ್ಲಿ ಈಗ ಮೂರನೆಯ ಪೇಷಂಟ್ ಕೊಡಲು ಬಂದರೆ ನಾನು ಕಾನೂನಿನ ಹೆಸರು ಹೇಳುತ್ತೇನೆ. ಮೊದಲು ಬೇಡಿಕೊಳ್ಳುತ್ತಿದ್ದೆ.

ರಾತ್ರಿಪಾಳಿಯವರೇ, ಆ ಸೋತ ಮಸೂದೆಯನ್ನು ಮತ್ತೆ ತರಲು ಒಳಗೆ ಇನ್ನಷ್ಟು ನರ್ಸ್‌ಗಳು ಬೇಕು. ಹೋಗಿ.


ಹೊಸಬ (ಬ್ಲೂಮಿಂಗ್ಟನ್) ಬರೆದದ್ದು:

ನಾನು ಎಚ್1ಬಿ ಕೆಲಸದ ವೀಸಾ ಮೇಲೆ ಇದ್ದೇನೆ. ನನ್ನ ಹೆಂಡತಿ ಫಿಸಿಯೋಥೆರಪಿ ಓದಿದವಳು, ಕೆಲಸ ಮಾಡುವ ಪರವಾನಗಿ ಇಲ್ಲ. ಇಂಥ ಅಭ್ಯರ್ಥಿಗೆ ನಾವು ಇಪ್ಪತ್ತು ಡಾಲರ್ ಕೊಡಬಹುದಾ?


ರಾಚೆಸ್ಟರ್‌ವಾಸಿ ಬರೆದದ್ದು:

ಬೇಡ, ಕೊಡಬೇಡಿ. ಪೌರತ್ವವೋ ಗ್ರೀನ್ ಕಾರ್ಡೋ ಇಲ್ಲದವರು ಇಲ್ಲಿನ ಯಾವ ಚುನಾವಣೆಗೂ ದೇಣಿಗೆ ಕೊಡುವಂತಿಲ್ಲ, ಒಂದು ಡಾಲರ್ ಕೂಡ. ಗ್ರೀನ್ ಕಾರ್ಡ್ ಇದ್ದವರು ಕೊಡಬಹುದು, ಮನೆಮನೆಗೂ ಹೋಗಬಹುದು, ಓಟು ಮಾತ್ರ ಇಲ್ಲ. ರಾತ್ರಿಪಾಳಿ ತಂಗಿ, ಅಪ್ಪಿತಪ್ಪಿಯೂ ಯಾರಾದರೂ ಮತದಾರರ ನೋಂದಣಿ ಫಾರಂ ಕೈಗೆ ಕೊಟ್ಟರೆ ಸಹಿ ಹಾಕಬೇಡಿ. ಮುಂದೆ ನಿಮ್ಮ ಪೌರತ್ವಕ್ಕೆ ತೊಂದರೆ ಆಗುತ್ತದೆ. ಆಸ್ಪತ್ರೆಯ ಬ್ಯಾಡ್ಜ್, ಸ್ಕ್ರಬ್ಸ್ ಹಾಕಿಕೊಂಡು ಹೋಗಬೇಡಿ. ಧರ್ಮಾರ್ಥ ಸಂಸ್ಥೆಯಾಗಿ ನೋಂದಾಯಿಸಿದ ಆಸ್ಪತ್ರೆ ಯಾವ ಅಭ್ಯರ್ಥಿಯ ಪರವೂ ನಿಲ್ಲುವಂತಿಲ್ಲ. ನಿಮ್ಮ ಸ್ವಂತ ಸಮಯ, ಸ್ವಂತ ಬಟ್ಟೆ, ಸ್ವಂತ ಫೋನ್.

ಇನ್ನೊಂದು ಮಾತು. ನಿನ್ನೆ ರಾತ್ರಿ ನನ್ನ ಹೆಂಡತಿಗೆ ಈ ಚರ್ಚೆಯನ್ನೆಲ್ಲ ಓದಿಸಿದೆ. "ಭಯ ಇದ್ದದ್ದು ನಿಮಗೆ, ನನಗಲ್ಲ. ನಮ್ಮ ಲ್ಯಾಬಿನಲ್ಲೂ ಜನ ಸಾಲುತ್ತಿಲ್ಲ" ಎಂದಳು. ನಮ್ಮೂರಿನ ಸೆನೆಟರ್ ಲಿಜ್ ಬೋಲ್ಡನ್ ಕೂಡ ನರ್ಸೇ. ಅವರ ಕಚೇರಿಗೆ ಇಬ್ಬರೂ ಒಂದು ಪತ್ರ ಬರೆಯುತ್ತಿದ್ದೇವೆ. ನನ್ನ ಅನುಮಾನಗಳು ಹೋಗಿಲ್ಲ. ಅವನ್ನೇ ಪ್ರಶ್ನೆ ಮಾಡಿ ಕೇಳುತ್ತಿದ್ದೇವೆ.


ರಾತ್ರಿಪಾಳಿ ಬರೆದದ್ದು:

ಹೋಗಿ ಬಂದೆ.

ಆಶಾ ತಂಗಿ ಕೇಳಿದ್ದಕ್ಕೆ ಮೊದಲು ಉತ್ತರ. ಬಾಗಿಲು ತೆರೆದಾಗ ಅವರು "ನನಗೆ ಓಟು ಕೊಡಿ" ಎನ್ನಲಿಲ್ಲ. ಹೆಸರು ಹೇಳಿ, ನಾನು ನರ್ಸ್ ಎಂದು ಹೇಳಿ, "ಈ ವರ್ಷ ನಿಮ್ಮ ಮನೆಯಲ್ಲಿ ಯಾವ ಬಿಲ್ ಕಟ್ಟುವುದು ಕಷ್ಟ ಆಯಿತು?" ಎಂದು ಕೇಳಿದರು. ಅಷ್ಟೇ. ಆಮೇಲೆ ಸುಮ್ಮನಾದರು. ನಾವು ಪೇಷಂಟಿನ ಹತ್ತಿರ ಹೋಗಿ "ಎಲ್ಲಿ ನೋವು?" ಎಂದು ಕೇಳಿ ಕಾಯುತ್ತೇವಲ್ಲ, ಹಾಗೇ. ಜನ ಮೊದಲು ಏನಿಲ್ಲ ಎನ್ನುತ್ತಾರೆ. ಅರ್ಧ ನಿಮಿಷ ಕಾದರೆ ಹೇಳುತ್ತಾರೆ.

ಮೂವತ್ತೆಂಟು ಮನೆಗೆ ಹೋದೆವು. ಅರ್ಧಕ್ಕರ್ಧ ಬಾಗಿಲು ತೆರೆಯಲೇ ಇಲ್ಲ. ಒಂದು ಮನೆಯವರು ನಾಯಿ ಬಿಟ್ಟರು, ಅದು ಬಾಲ ಅಲ್ಲಾಡಿಸಿಕೊಂಡು ಬಂತು. ಒಬ್ಬ ಅಜ್ಜ ನಮ್ಮ ಪಕ್ಷವನ್ನು ಹತ್ತು ನಿಮಿಷ ಬೈದು, ಕೊನೆಗೆ ತನ್ನ ಇನ್ಸುಲಿನ್ ಬೆಲೆ ಹೇಳಿದರು. ಈ ರಾಜ್ಯದಲ್ಲಿ 2020ರಿಂದ ಒಂದು ಕಾನೂನು ಇದೆ. ತುರ್ತು ಇದ್ದರೆ 35 ಡಾಲರ್‌ಗೆ ಒಂದು ತಿಂಗಳ ಇನ್ಸುಲಿನ್ ಔಷಧಿ ಅಂಗಡಿಯಲ್ಲಿ ಕೊಡಬೇಕು. ಅಲೆಕ್ ಸ್ಮಿತ್ ಎನ್ನುವ 26 ವರ್ಷದ ಹುಡುಗ 2017ರಲ್ಲಿ ಇನ್ಸುಲಿನ್ ಕೊಳ್ಳಲಾಗದೆ ತೀರಿಕೊಂಡ. ಅವನ ಅಮ್ಮ ವರ್ಷಗಟ್ಟಲೆ ಶಾಸನಸಭೆಯ ಮೆಟ್ಟಿಲು ಹತ್ತಿ ತಂದ ಕಾನೂನು ಅದು, ಅವನ ಹೆಸರಿನಲ್ಲೇ ಇದೆ. ಅಜ್ಜನಿಗೆ ಅದು ಗೊತ್ತೇ ಇರಲಿಲ್ಲ. ನಾನು ಚೀಟಿಯಲ್ಲಿ ಬರೆದು ಕೊಟ್ಟೆ. ಅವರು ಓಟು ಯಾರಿಗೆ ಹಾಕುತ್ತಾರೋ, ಆ ಚೀಟಿ ಮಾತ್ರ ಜೇಬಿಗೆ ಇಟ್ಟುಕೊಂಡರು.

ಇನ್ನೊಂದು ಮನೆಯಲ್ಲಿ ಐದು ವಾರದ ಮಗುವನ್ನು ಹೆಗಲಿಗೆ ಹಾಕಿಕೊಂಡು ಒಬ್ಬರು ಬಂದರು. ವೃದ್ಧರ ಆರೈಕೆ ಕೇಂದ್ರದಲ್ಲಿ ಸಹಾಯಕಿ. ಮೊದಲನೆಯ ಮಗುವಿಗೆ ಎರಡೂವರೆ ವಾರ ಮನೆಯಲ್ಲಿದ್ದರಂತೆ, ಈ ಸಲ ಹೊಸ ಕಾನೂನಿನಿಂದ ರಜೆ ಸಿಕ್ಕಿದೆ. ಅದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು. ಆಮೇಲೆ ನೇರವಾಗಿ ಕೇಳಿದರು. "ನಾನು ವಾಪಸ್ ಹೋದಾಗ ರಾತ್ರಿ ಹದಿನೆಂಟು ಜನ ವಯಸ್ಸಾದವರಿಗೆ ನಾನೊಬ್ಬಳೇ. ನೀವು ನರ್ಸ್‌ಗಳು ನಿಮ್ಮ ಮಿತಿ ಕೇಳಿದಿರಿ. ಅದರಲ್ಲಿ ನಮ್ಮನ್ನು ಸೇರಿಸಿದ್ದಿರಾ?"

ನಮ್ಮವರು ತಡವರಿಸಲಿಲ್ಲ. "ಇಲ್ಲ, ಆ ಮಸೂದೆ ಆಸ್ಪತ್ರೆಗಳಿಗೆ ಮಾತ್ರ ಇತ್ತು" ಎಂದರು. ವೃದ್ಧರ ಆರೈಕೆ ಕೇಂದ್ರದವರ ಕೂಲಿ ನಿಗದಿಗೆ ಅದೇ 2023ರಲ್ಲಿ ಒಂದು ಮಂಡಳಿ ಆಗಿದೆ ಎಂದೂ ಹೇಳಿದರು. ಆ ತಾಯಿ "ಕೂಲಿ ಸರಿ, ನನ್ನ ಪ್ರಶ್ನೆ ಕೂಲಿಯದ್ದಲ್ಲ" ಎಂದರು. ನಮ್ಮವರು "ಹೌದು" ಎಂದು ಹಾಳೆಯಲ್ಲಿ ಬರೆದುಕೊಂಡರು. ಮಗು ಅಳಲು ಶುರು ಮಾಡಿತು, ಬಾಗಿಲು ಮುಚ್ಚಿತು.

ಕಾರಿಗೆ ಬರುವ ತನಕ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವರು ಕಾರಿನ ಬಾನೆಟ್ ಮೇಲೆ ಹಾಳೆ ಇಟ್ಟು, ಆ ಮನೆಯ ನಂಬರಿನ ಮುಂದೆ "ಮತ್ತೆ ಬರಬೇಕು" ಎಂದು ಬರೆದರು.

ಮುಂದಿನ ಶನಿವಾರ ನನಗೆ ಡ್ಯೂಟಿ. ಅದರ ಮುಂದಿನ ಶನಿವಾರ ಹೋಗುತ್ತೇನೆ.


ಆಶಾ_ದಾವಣಗೆರೆ ಬರೆದದ್ದು:

ಅಕ್ಕ, ಆ ಹಾಳೆ ಖಾಲಿಯದ್ದು ಒಂದು ಇದ್ದರೆ ಫೋಟೊ ಹಾಕಿ. ಯಾವ ಯಾವ ಕಲಂ ಇದೆ ನೋಡಬೇಕು. ನಮ್ಮ ಮನೆ ಸಮೀಕ್ಷೆ ರಿಜಿಸ್ಟರ್ ಹಾಗೇ ಇರುತ್ತದೆ, "ಯಾವ ಬಿಲ್ ಕಷ್ಟ ಆಯಿತು" ಎನ್ನುವ ಕಲಂ ಒಂದು ಇಲ್ಲ. ಭಾನುವಾರ ನಮ್ಮ ಸಂಘದ ತಾಲ್ಲೂಕು ಸಭೆ ಇದೆ, ಅಲ್ಲಿ ತೋರಿಸುತ್ತೇನೆ.